ಒಂದು ಸಕ್ಕರೆಯ ಅಂತರ

“ಹುಟ್ಟುಗುಣ ಸುಟ್ಟರೂ ಹೋಗದು” ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಇನ್ನೊಬ್ಬರ ವಿಷಯದಲ್ಲಿ ಆಡುತ್ತೇವೆ; ನಮ್ಮ ವಿಷಯದಲ್ಲಿ ಆಡಿಕೊಳ್ಳುವುದು ಕಡಮೆ. ಪರರನ್ನು ಕಂಡರಾಗದ ಬುದ್ಧಿ ರಕ್ತದಲ್ಲಿಯೇ ಬಂದುದು ಎಂದುಬಿಟ್ಟರೆ ಅಲ್ಲಿಗೆ ವಿಚಾರ ಮುಗಿಯಿತು. ತಿದ್ದಿಕೊಳ್ಳುವ ಶ್ರಮವೂ ಉಳಿಯಿತು. ಹಾಗಾದರೆ ಆ ರಕ್ತವನ್ನೇ ಒಮ್ಮೆ ವಿಚಾರಿಸಿ ನೋಡಬಾರದೇಕೆ?

ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳೊಬ್ಬರಿಗೆ ಶಸ್ತ್ರಚಿಕಿತ್ಸೆಯಾಗಬೇಕಾಗಿತ್ತು. ರಕ್ತ ಬೇಕೆಂದಾಗ ಅವರ ಅಣ್ಣನವರು ತೋಳು ಚಾಚಿ ನಿಂತರು. ಪರೀಕ್ಷೆ ಮಾಡಿದವರು, “ನಿಮ್ಮದು ಎ, ನಿಮ್ಮ ತಮ್ಮನವರದು ಬಿ, ಆಗುವುದಿಲ್ಲ” ಎಂದರು. ಒಂದೇ ತಾಯಿಯ ಹಾಲು ಕುಡಿದವರ ರಕ್ತ ಒಗ್ಗಲಿಲ್ಲ. ಹೆಸರು, ಊರು, ಕುಲ ಯಾವುದೂ ತಿಳಿಯದ ಯಾರದೋ ರಕ್ತ ಒಗ್ಗಿತು. ಆ ಹಿರಿಯರು ಹೊರಗಿನ ಬೆಂಚಿನ ಮೇಲೆ ಕುಳಿತು ತಮ್ಮ ತೋಳನ್ನೇ ನೋಡಿಕೊಳ್ಳುತ್ತಿದ್ದುದು ನನಗೆ ಇನ್ನೂ ನೆನಪಿದೆ.

ಅಣ್ಣತಮ್ಮಂದಿರ ನಡುವೆ ಅಡ್ಡ ಬಂದುದಾದರೂ ಏನು? ರಕ್ತದ ಗುಂಪುಗಳನ್ನು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಲೋಕಕ್ಕೆ ತಿಳಿಸಿದನು. ಅವುಗಳ ಗುಟ್ಟು ಅನಂತರ ಬಯಲಾಯಿತು. ಕೆಂಪು ರಕ್ತಕಣದ ಹೊರಮೈಯಲ್ಲಿ ಸಕ್ಕರೆಯ ಸರಗಳಿವೆ. ಸರದ ತುದಿಗೆ ಕಡೆಯ ಮಣಿಯನ್ನು ಪೋಣಿಸುವುದು ಒಂದು ಕಿಣ್ವದ ಕೆಲಸ. ‘ಎ’ ಗುಂಪಿನವರ ಕಿಣ್ವ ಒಂದು ಬಗೆಯ ಮಣಿಯನ್ನೂ ‘ಬಿ’ ಗುಂಪಿನವರದು ಇನ್ನೊಂದು ಬಗೆಯದನ್ನೂ ಪೋಣಿಸುತ್ತದೆ. ಎರಡೂ ಕಿಣ್ವಗಳುಳ್ಳವರು ‘ಎಬಿ’. ಕಿಣ್ವ ಕೆಲಸ ಮಾಡದವರು ‘ಓ’. ‘ಬಿ’ಯವರ ಮಣಿ ಗ್ಯಾಲಕ್ಟೋಸ್, ಹಾಲಿನ ಸಕ್ಕರೆಯಲ್ಲಿ ಅರ್ಧ ಪಾಲು ಅದೇ. ‘ಎ’ಯವರದು ಅದರದೇ ತುಸು ಬದಲಾದ ರೂಪ. ಈ ಕಿಣ್ವಗಳೆರಡೂ 354 ಅಮೈನೋ ಆಮ್ಲಗಳ ಸರಪಣಿಗಳು. ಅವುಗಳಲ್ಲಿ ಭೇದವಿರುವುದು ನಾಲ್ಕರಲ್ಲಿ ಮಾತ್ರ.

ಇಷ್ಟು ಅಲ್ಪವಾದ ಭೇದವನ್ನು ಇಲ್ಲವೆನ್ನಬಹುದೆ? ಎನ್ನುವಂತಿಲ್ಲ. “ಎಲ್ಲರ ರಕ್ತವೂ ಕೆಂಪು” ಎಂಬುದು ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುವ ಮಾತು. ಆ ಮಾತೊಂದನ್ನೇ ನಂಬಿ ಸೂಜಿ ಚುಚ್ಚುವ ವೈದ್ಯ ರೋಗಿಯ ಪ್ರಾಣಕ್ಕೆ ಸಂಚಕಾರ ತರುತ್ತಾನೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆ ಕರಿಯರ ರಕ್ತವನ್ನೂ ಬಿಳಿಯರ ರಕ್ತವನ್ನೂ ಬೇರೆ ಬೇರೆಯಾಗಿ ಇರಿಸುತ್ತಿತ್ತು. ಈ ಪದ್ಧತಿಯನ್ನು ಕೈಬಿಟ್ಟುದು 1950ರಲ್ಲಿ. ಇರುವ ಭೇದವನ್ನು ಕಾಣದಿರುವುದು ಒಂದು ಕುರುಡು. ಇಲ್ಲದ ಭೇದವನ್ನು ಚೀಟಿ ಬರೆದು ಅಂಟಿಸುವುದು ಇನ್ನೊಂದು.

ನನ್ನನ್ನು ಹೆಚ್ಚು ಕಾಡಿದ ಸಂಗತಿ ಮುಂದಿನದು. ಅಪಾಯ ಬರುವುದು ಸಕ್ಕರೆಯಿಂದಲ್ಲ. ಅದನ್ನು ಹಗೆಯೆಂದು ಬಗೆದು ಮೇಲೆ ಬೀಳುವ ಪ್ರತಿಕಾಯಗಳಿಂದ. ಆದರೆ ಹಸುಗೂಸಿನ ದೇಹ ಇವನ್ನು ಇನ್ನೂ ತಯಾರಿಸಿರುವುದಿಲ್ಲ. ಹುಟ್ಟಿ ಕೆಲವು ತಿಂಗಳು ಕಳೆದ ಮೇಲೆ ಅವು ತಲೆದೋರುತ್ತವೆ. ಕರುಳಿನಲ್ಲಿ ನೆಲೆಸುವ ಸೂಕ್ಷ್ಮಜೀವಿಗಳ ಮೈಮೇಲೂ ಇಂತಹವೇ ಸಕ್ಕರೆಗಳಿರುತ್ತವೆ. ಮಗುವಿನ ದೇಹ ಅವುಗಳಿಂದ ಈ ಪಾಠವನ್ನು ಕಲಿಯುತ್ತದೆಂಬುದು ವಿಜ್ಞಾನಿಗಳ ಅಭಿಪ್ರಾಯ. ಎಂದರೆ, ಇನ್ನೊಬ್ಬ ಮನುಷ್ಯನ ರಕ್ತದ ಒಂದು ಹನಿಯನ್ನೂ ಕಾಣುವ ಮೊದಲೇ ಅವನ ಮೇಲಿನ ವೈರ ಸಿದ್ಧವಾಗಿರುತ್ತದೆ; ಅದೂ ಯಾವುದೋ ಹೋಲಿಕೆಯ ನೆವದಿಂದ. ಗುರುತು ಹುಟ್ಟಿನಿಂದ ಬಂದುದು, ಹಗೆ ತೊಟ್ಟಿಲಲ್ಲಿ ಕಲಿತದ್ದು. ನಮ್ಮ ಗಾದೆ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿತು.

ಈಗ ಆ ಕಡೆಯ ಮಣಿಯನ್ನು ಕತ್ತರಿಸಿ ಹಾಕುವ ಕಿಣ್ವಗಳೂ ದೊರೆತಿವೆ. ‘ಎ’ ರಕ್ತವನ್ನು ‘ಓ’ದಂತೆ ಮಾಡುವ ಸಮರ್ಥವಾದ ಕಿಣ್ವಗಳನ್ನು 2019ರಲ್ಲಿ ಕೆನಡದ ವಿಜ್ಞಾನಿಗಳು ಮನುಷ್ಯನ ಕರುಳಿನ ಬ್ಯಾಕ್ಟೀರಿಯವೊಂದರಲ್ಲಿಯೇ ಕಂಡುಕೊಂಡರು. ಹಗೆಯ ಪಾಠ ನಡೆದ ಮನೆಯಲ್ಲಿಯೇ ಮದ್ದೂ ಇತ್ತೆನ್ನಬೇಕು. ಇದು ಬಳಕೆಗೆ ಬಂದರೆ ಎಷ್ಟೋ ಜೀವಗಳು ಉಳಿದಾವು; ಬರಲಿ.

ಆದರೆ ಒಂದನ್ನು ಗಮನಿಸಬೇಕು. ಈ ಕಿಣ್ವ ಬದಲಾಯಿಸುವುದು ಕೊಡಲು ಬಂದವನನ್ನು. ಪಡೆಯುವವನ ಹಗೆ ಇದ್ದಂತೆಯೇ ಇರುತ್ತದೆ. ದೇಹದ ವಿಷಯದಲ್ಲಿ ಇದು ತಕ್ಕ ಉಪಾಯವೇ ಸರಿ. ಸಮಾಜದಲ್ಲಿ ನಾವು ಇದೇ ಉಪಾಯವನ್ನು ನ್ಯಾಯವೆಂದು ಕರೆಯುತ್ತ ಬಂದಿದ್ದೇವೆ. ಹೊರಗಿನಿಂದ ಬಂದವನು ತನ್ನ ಹೆಸರು, ಆಹಾರ, ನುಡಿಯ ಸೊಗಡು ಎಲ್ಲವನ್ನೂ ಬಾಗಿಲಲ್ಲೇ ಕಳಚಿಟ್ಟು ಬಂದರೆ ಒಳಗೆ ಮಣೆ ಹಾಕುತ್ತೇವೆ. ಅದನ್ನೇ ಔದಾರ್ಯವೆಂದು ಹೇಳಿಕೊಳ್ಳುತ್ತೇವೆ. ಮನೆಯವನ ಮನಸ್ಸು ಬದಲಾಗಬೇಕೆಂದು ಕೇಳುವವರು ಕಡಮೆ.

ದೇಹ ತಾನು ಕಲಿತ ಹಗೆಯನ್ನು ತಾನಾಗಿ ಬಿಡಲಾರದು. ಅದಕ್ಕೆ ಆ ಶಕ್ತಿಯಿಲ್ಲ. ಮನಸ್ಸಿಗೆ ಉಂಟು. ಕಲಿತದ್ದನ್ನು ಮರೆಯುವುದು ಕಷ್ಟ, ನಿಜ. ಆದರೆ ಕಷ್ಟವಾದುದನ್ನೆಲ್ಲ ಹುಟ್ಟುಗುಣವೆಂದು ಕರೆದು ತಪ್ಪಿಸಿಕೊಳ್ಳುವ ಹಕ್ಕು ಇನ್ನು ನಮಗಿಲ್ಲ.