ತಾಯಿಯ ಪ್ರೀತಿ ಗರ್ಭದಿಂದ ಬರುತ್ತದೆಯೇ?

 

*ಇಂದಿನ ಧಮ್ಮ ಚಿಂತನೆ*

ಕಳೆದ ಭಾನುವಾರ ವಂದನೆ ಮುಗಿದ ಮೇಲೆ ಕರಣೀಯ ಮೆತ್ತ ಸುತ್ತದ ಬಗ್ಗೆ ಮಾತು ನಡೆಯಿತು. ನಮ್ಮ ಹಿರಿಯರೊಬ್ಬರು ಗೌರವದಿಂದಲೇ ಹೇಳಿದರು: "ತಾಯಿ ಪ್ರೀತಿ ಪ್ರಕೃತಿ ಹೆಣ್ಣಿಗೆ ಕೊಟ್ಟಿರೋದು. ಅದಕ್ಕೇ ಮಕ್ಕಳು, ಮನೆ, ಕಾಯಿಲೆಯವರ ಆರೈಕೆ ಎಲ್ಲ ಅವಳ ಕೈಗೆ ಬಂದಿದೆ. ಗಂಡಸಿಗೆ ಅದು ಬರೋದಿಲ್ಲ." ಎಲ್ಲರೂ ತಲೆದೂಗಿದರು. ನಾನು ಚಹಾ ಲೋಟಗಳ ತಟ್ಟೆ ಹಿಡಿದು ನಿಂತಿದ್ದೆ. ಆಗ ಏನೂ ಹೇಳಲಿಲ್ಲ. ವಾರವಿಡೀ ಆ ಮಾತು ತಲೆಯಲ್ಲೇ ಇತ್ತು, ಹಾಗಾಗಿ ಇವತ್ತು ಬರೆಯುತ್ತಿದ್ದೇನೆ.

ಮೊದಲು ಒಂದು ನಿಜ ಒಪ್ಪಿಕೊಳ್ಳುತ್ತೇನೆ. 17 ವರ್ಷಗಳ ಹಿಂದೆ ನನ್ನ ಮಗಳು ಹುಟ್ಟಿದಾಗ ನನಗೆ ಆ ಪ್ರೀತಿ ಉಕ್ಕಿ ಬರಲಿಲ್ಲ. ಬಂದದ್ದು ಭಯ, ಸುಸ್ತು, ಅಳು. ಎಲ್ಲ ಹೆಂಗಸರಿಗೂ ಪ್ರಕೃತಿ ಕೊಟ್ಟದ್ದು ನನಗೊಬ್ಬಳಿಗೆ ಕೊಟ್ಟಿಲ್ಲವೇನೋ ಎಂದು ಯಾರಿಗೂ ಹೇಳದೆ ನರಳಿದೆ. ಪ್ರೀತಿ ಆಮೇಲೆ ಬಂತು. ಹಾಲು ಕುಡಿಸುತ್ತ, ಬಟ್ಟೆ ಬದಲಿಸುತ್ತ, ರಾತ್ರಿ ಎತ್ತಿಕೊಂಡು ಓಡಾಡುತ್ತ, ದಿನಕ್ಕಿಷ್ಟು ಬಂತು.

"ಪ್ರಕೃತಿಯೇ ಹೀಗೆ ಮಾಡಿದೆ" ಎಂಬ ಮಾತು ನಮಗೆ ಹೊಸದಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರಿಗೂ ಇದನ್ನೇ ಹೇಳಿದ್ದರು: ನಿಮ್ಮ ಹುಟ್ಟೇ ಹೀಗೆ, ನಿಮ್ಮ ಕೆಲಸವೇ ಇದು. ವಾಸೆಟ್ಠ ಸುತ್ತದಲ್ಲಿ ಭಗವಾನ್ ಬುದ್ಧರು ಈ ಮಾತಿನ ಬುಡಕ್ಕೇ ಕೈ ಹಾಕಿದರು. ಹುಲ್ಲು, ಮರ, ಇರುವೆ, ಹಾವು, ಮೀನು, ಹಕ್ಕಿ, ಇವುಗಳಲ್ಲಿ ಹುಟ್ಟಿನಿಂದಲೇ ಬೇರೆ ಬೇರೆ ಗುರುತುಗಳಿವೆ. ಮನುಷ್ಯ ಮನುಷ್ಯರ ನಡುವೆ ಅಂಥ ಗುರುತಿಲ್ಲ ಎಂದರು. ಉಳುವವನು ರೈತನಾಗುವುದು ಉಳುವುದರಿಂದ, ವ್ಯಾಪಾರಿಯಾಗುವುದು ವ್ಯಾಪಾರದಿಂದ, ಬ್ರಾಹ್ಮಣನಾಗುವುದೂ ನಡೆಯಿಂದಲೇ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಬರುತ್ತದೆ. ಜಾತಿಗೆ ದೇಹದಲ್ಲಿ ಗುರುತಿಲ್ಲ, ಸರಿ. ಹೆಣ್ಣು ಗಂಡಿಗೆ ಇದೆಯಲ್ಲ? ಇದೆ. ಹೆರುವವಳು, ಹಾಲೂಡುವವಳು ಹೆಣ್ಣು. ಆದರೆ ಹೆರಿಗೆಯಿಂದ ಪಾತ್ರೆ ತೊಳೆಯುವುದಕ್ಕೆ ಹೋಗುವ ದಾರಿಯನ್ನು ದೇಹ ಹಾಕಿಲ್ಲ, ನಾವು ಹಾಕಿದ್ದೇವೆ. ಬಾಬಾಸಾಹೇಬರು ಈ ವ್ಯತ್ಯಾಸವನ್ನು ಚೆನ್ನಾಗಿ ಅರಿತಿದ್ದರು. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಕಾರ್ಖಾನೆಯ ಹೆಣ್ಣಾಳುಗಳ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಅದರ ಪರವಾಗಿ ಮಾತಾಡಿದರು. ಹೆರಿಗೆಗೆ ಮುಂಚೆ ಮತ್ತು ಆಮೇಲೆ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ದೇಶದ ಹಿತ ಎಂದು ವಾದಿಸಿದರು. ಮರುವರ್ಷ ಅದು ಕಾಯ್ದೆಯಾಯಿತು. ದೇಹ ಬೇರೆ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಹೆಣ್ಣಿನ ದೇಹ ಹೊರುವ ಭಾರಕ್ಕೆ ಸಮಾಜವೂ ಹೆಗಲು ಕೊಡಬೇಕು ಎಂದರು. ನಾವು ಅದೇ ವ್ಯತ್ಯಾಸ ತೋರಿಸಿ ಭಾರವನ್ನೆಲ್ಲ ಅವಳ ಮೇಲೇ ಹೊರಿಸುತ್ತೇವೆ.

ಇನ್ನು ಪ್ರಕೃತಿಯನ್ನೇ ಕೇಳೋಣ. 1960ರ ದಶಕದ ಆರಂಭದಲ್ಲಿ ಜಪಾನಿನ ವಿಜ್ಞಾನಿ ಯುಕಿಮಾರು ಸುಗಿಯಾಮ ನಮ್ಮ ಧಾರವಾಡದ ಸುತ್ತಲಿನ ಕಾಡಿನಲ್ಲಿ ಮುಸುವಗಳ ಬದುಕನ್ನು ಗಮನಿಸಿದರು. ಹೊಸ ಗಂಡು ಒಂದು ಗುಂಪನ್ನು ವಶಪಡಿಸಿಕೊಂಡಾಗ ಅಲ್ಲಿನ ಎಳೆಮರಿಗಳು ಸಾಯುವುದನ್ನು ದಾಖಲಿಸಿದರು. ಇದೂ ಪ್ರಕೃತಿಯೇ. ಇದನ್ನು ಧಮ್ಮ ಎನ್ನಲು ಯಾರಾದರೂ ಒಪ್ಪುತ್ತಾರೆಯೇ?

1970ರ ದಶಕದಲ್ಲಿ ಅಮೆರಿಕದ ಸಾರಾ ಬ್ಲ್ಯಾಫರ್ ಹರ್ಡಿ ಎಂಬ ಮಹಿಳೆ ರಾಜಸ್ಥಾನದ ಅಬು ಬೆಟ್ಟಕ್ಕೆ ಬಂದು ಅದೇ ಜಾತಿಯ ಕೋತಿಗಳ ಹಿಂದೆ ಅಲೆದರು. ಹೆಣ್ಣುಪ್ರಾಣಿ ಎಂದರೆ ನಾಚಿ ಕಾಯುತ್ತ ಕೂರುವಂಥದ್ದು ಎಂದು ಅದುವರೆಗೆ ಅನೇಕ ಗಂಡಸು ವಿಜ್ಞಾನಿಗಳು ಬರೆದಿದ್ದರು. ಹರ್ಡಿ ಕಂಡ ಹೆಣ್ಣುಗಳು ಹಾಗಿರಲಿಲ್ಲ. ಅವು ತಾವೇ ಗಂಡನ್ನು ಹುಡುಕಿ ಹೋಗುತ್ತಿದ್ದವು, ಮರಿಗಳನ್ನು ಉಳಿಸಲು ಒಟ್ಟಾಗಿ ಕಾದಾಡುತ್ತಿದ್ದವು. ಹೆತ್ತ ತಾಯಿ ತನ್ನ ಎಳೆಮರಿಯನ್ನು ಬೇರೆ ಹೆಣ್ಣುಗಳ ಕೈಗೆ ಕೊಟ್ಟು ಮೇಯಲು ಹೋಗುತ್ತಿತ್ತು. ನಮ್ಮೂರ ದೇವಸ್ಥಾನದ ಹಿಂದಿನ ಮರಗಳಲ್ಲೂ ಇದನ್ನು ನೋಡಬಹುದು. ನೋಡುವವರು ಮೊದಲೇ ತೀರ್ಮಾನ ಮಾಡಿಕೊಂಡಿರಬಾರದು, ಅಷ್ಟೇ.

ಮುಂದೆ ಹರ್ಡಿ ಮನುಷ್ಯರ ಬಗ್ಗೆ ಹೇಳಿದ್ದು ಇನ್ನೂ ದೊಡ್ಡ ಮಾತು. ಮನುಷ್ಯರ ಮಗು ತನ್ನ ಕಾಲ ಮೇಲೆ ನಿಲ್ಲಲು ಎಷ್ಟೋ ವರ್ಷ ಬೇಕು. ತಾಯಿಯೊಬ್ಬಳಿಂದ ಅದು ಎಂದೂ ಆಗಿಲ್ಲ. ಅಜ್ಜಿ, ಅತ್ತೆ, ಅಕ್ಕ, ಅಪ್ಪ, ಎಲ್ಲರ ತೋಳಿನಲ್ಲಿ ನಮ್ಮ ಕುಲ ಬೆಳೆದಿದೆ. ಹೆತ್ತವಳ ಮಮತೆ ಕೂಡ ಸುತ್ತಲಿನವರ ಆಸರೆ ಇದ್ದಾಗ ಚಿಗುರುತ್ತದೆ, ಇಲ್ಲದಿದ್ದಾಗ ಬಾಡುತ್ತದೆ. ಇದನ್ನು ಓದಿದ ದಿನ ನನ್ನ ಹಳೆಯ ನೋವಿಗೆ ಒಂದು ಅರ್ಥ ಸಿಕ್ಕಿತು. ಕಾರಣವಿದ್ದರೆ ಹುಟ್ಟು, ಕಾರಣವಿಲ್ಲದಿದ್ದರೆ ಇಲ್ಲ. ಪಟಿಚ್ಚ ಸಮುಪ್ಪಾದ ನಮಗೆ ಕಲಿಸಿದ್ದೂ ಇದೇ ಅಲ್ಲವೇ?

ಗಂಡಸಿನ ದೇಹವೂ ಕಲ್ಲಲ್ಲ. ಫಿಲಿಪೈನ್ಸ್ ದೇಶದ ಸೆಬುವಿನಲ್ಲಿ 600ಕ್ಕೂ ಹೆಚ್ಚು ಯುವಕರನ್ನು ಕೆಲವು ವರ್ಷ ಗಮನಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ತಂದೆಯಾದವರಲ್ಲಿ ಟೆಸ್ಟೋಸ್ಟೀರಾನ್ ಎಂಬ ಗಂಡು ಹಾರ್ಮೋನು ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಮಗುವಿನ ಆರೈಕೆ ಮಾಡುತ್ತಿದ್ದವರಲ್ಲಿ, ಆರೈಕೆಯಲ್ಲಿ ಕೈಜೋಡಿಸದ ತಂದೆಯರಿಗಿಂತ ಅದು ಕಡಿಮೆ ಇತ್ತು. ದೇಹವೂ ನಾವು ಮಾಡುವ ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ ಎಂದಾಯಿತು.

ಈಗ ಮೆತ್ತ ಸುತ್ತಕ್ಕೆ ಬರೋಣ. ತಾಯಿ ತನ್ನ ಒಬ್ಬನೇ ಮಗನನ್ನು ಜೀವ ಕೊಟ್ಟಾದರೂ ಕಾಯುವ ಹಾಗೆ ಎಲ್ಲ ಜೀವಿಗಳ ಮೇಲೆ ಮೈತ್ರಿ ಬೆಳೆಸಿಕೊಳ್ಳಿ ಎಂದು ಬುದ್ಧರು ಉಪದೇಶಿಸಿದ್ದು ಯಾರಿಗೆ? ಭಿಕ್ಖುಗಳಿಗೆ. ಹೆರದ, ಹಾಲೂಡದ ಗಂಡಸರಿಗೆ. ತಾಯಿಯ ಪ್ರೀತಿ ಗರ್ಭದಲ್ಲಷ್ಟೇ ಹುಟ್ಟುವುದಾದರೆ ಅವರಿಗೆ ಅದನ್ನು ಬೆಳೆಸಿಕೊಳ್ಳಿ ಎಂದು ಹೇಳುವುದರಲ್ಲಿ ಅರ್ಥವೇ ಇರುತ್ತಿರಲಿಲ್ಲ. ಬೆಳೆಸಿಕೊಳ್ಳಬಹುದಾದದ್ದು ಯಾರ ಹುಟ್ಟಿನ ಸೊತ್ತೂ ಅಲ್ಲ.

ನನ್ನ ತಪ್ಪನ್ನೂ ಹೇಳಬೇಕು. ಬಾಣಂತಿ ಕೋಣೆಯಲ್ಲಿ ಗಂಡಸರಿಗೇನು ಕೆಲಸ ಎಂದು ಹಿರಿಯ ಹೆಂಗಸರು ನಮ್ಮ ಮನೆಯವರನ್ನು ಹೊರಗೆ ಕಳಿಸಿದರು. ನಾನೂ "ನಿಮಗೆ ಬರೋದಿಲ್ಲ, ಕೊಡಿ ಇಲ್ಲಿ" ಎಂದು ಎಷ್ಟೋ ಸಲ ಮಗುವನ್ನು ಕಿತ್ತುಕೊಂಡೆ. ಹೋದ ವರ್ಷ ಮಗಳಿಗೆ ಡೆಂಗ್ಯೂ ಜ್ವರ ಬಂದಾಗ ಅವರು ಮಾತ್ರೆಯ ಕವರ್ ಹಿಡಿದು ಬಾಗಿಲಲ್ಲೇ ನಿಂತು "ಜ್ವರ ಇಳೀತಾ?" ಎಂದು ನನ್ನನ್ನು ಕೇಳಿದರು. ಮಗಳು ಎಚ್ಚರವಾಗೇ ಇದ್ದಳು. ಅವಳನ್ನೇ ಕೇಳಬಹುದಿತ್ತು. ಒಳಗೆ ಬಂದು ಹಣೆ ಮುಟ್ಟಿ ನೋಡಬಹುದಿತ್ತು. ಕೆಲಸದ ಹೊರೆ ನನಗಾಯಿತು ನಿಜ, ಆದರೆ ಅವರು ಕಳೆದುಕೊಂಡದ್ದು ಇನ್ನೂ ದೊಡ್ಡದು.

ಮೊನ್ನೆ ಭಿಕ್ಖುಗಳ ಈ ವಿಷಯ ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೆ ಬುದ್ಧರು ಕಲಿಸಿದರು. ನನಗೆ ಯಾರು ಕಲಿಸಿದರು?" ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ.

*ಇಂದಿನ ಅಭ್ಯಾಸ:* ಮನೆಯಲ್ಲಿ "ಇದು ನನಗೆ ಬರೋದಿಲ್ಲ" ಎಂದು ನಾವು ಬಿಟ್ಟಿರುವ ಒಂದು ಆರೈಕೆಯ ಕೆಲಸವನ್ನು ಇವತ್ತು ಮಾಡೋಣ. ಅದನ್ನು ಬಲ್ಲವರು ಕಿತ್ತುಕೊಳ್ಳದೆ ಕಲಿಸೋಣ. ಮುಂದಿನ ಭಾನುವಾರ ಚಹಾ ಯಾರು ಮಾಡಬೇಕು, ಲೋಟ ಯಾರು ತೊಳೆಯಬೇಕು ಎಂಬುದನ್ನು ಎಲ್ಲರ ಹೆಸರಿನ ಚೀಟಿ ಎತ್ತಿ ತೀರ್ಮಾನಿಸೋಣ. ಹಿರಿಯರ ಹೆಸರೂ ಅದರಲ್ಲಿರಲಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.

– ಬಳಗದ ಒಬ್ಬ ಶಿಕ್ಷಕಿ