ಬೀಜವೆಂಬ ಅಮಾನತ್

ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿಕೆಯಿಂದ ಒಪ್ಪಿಸಿದ, ಕೇಳಿದಾಗ ಹಾಗೆಯೇ ಮರಳಿಸಬೇಕಾದ ವಸ್ತು. ಅದೇ ಪದ ಕನ್ನಡದ ಕಚೇರಿಗಳಿಗೆ ಬಂದು, ನೌಕರನನ್ನು ಕೆಲಸದಿಂದ ದೂರವಿಡುವ ‘ಅಮಾನತು’ ಆಯಿತು. ಕಾಪಾಡುವುದಕ್ಕೂ ತಡೆಹಿಡಿಯುವುದಕ್ಕೂ ಅಂತರ ಎಷ್ಟು ಕಿರಿದು ಎಂಬುದನ್ನು ಮರದ ಬೀಜಗಳನ್ನು ಕೂಡಿಡುವವರು ಚೆನ್ನಾಗಿ ಬಲ್ಲರು.

ಬೀಜ ಸತ್ತ ವಸ್ತುವಲ್ಲ. ಡಬ್ಬಿಯೊಳಗೂ ಅದು ಸಣ್ಣಗೆ ಉಸಿರಾಡುತ್ತಾ ತನ್ನ ಬುತ್ತಿಯನ್ನು ತಾನೇ ಖರ್ಚು ಮಾಡುತ್ತಿರುತ್ತದೆ. ತೇವ, ಸೆಕೆ ಹೆಚ್ಚಿದಷ್ಟೂ ಖರ್ಚು ಹೆಚ್ಚು. ಆದ್ದರಿಂದಲೇ ಒಣಗಿಸಿ, ಗಾಳಿಯಾಡದಂತೆ ಮುಚ್ಚಿ, ತಂಪಿನಲ್ಲಿಡುತ್ತಾರೆ. ತೇವಾಂಶ ಶೇಕಡಾ 1ರಷ್ಟು ಇಳಿದರೆ ಅಥವಾ ಉಷ್ಣತೆ 5 ಡಿಗ್ರಿ ಇಳಿದರೆ, ಒಂದು ಮಿತಿಯೊಳಗೆ, ಬೀಜದ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆಂಬುದು ಇವರ ಸ್ಥೂಲ ಲೆಕ್ಕ. ಹುಣಸೆ, ಜಾಲಿಯ ಬೀಜಗಳು ಹೀಗೆ ವರ್ಷಗಟ್ಟಲೆ ಕಾಯುತ್ತವೆ. ಮೃತ ಸಮುದ್ರದ ಬಳಿಯ ಮಸಾದ ಕೋಟೆಯ ಅವಶೇಷಗಳಲ್ಲಿ ಸಿಕ್ಕ, ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದನ್ನು 2005ರಲ್ಲಿ ನೆಟ್ಟರೆ ಅದು ಮೊಳೆಯಿತು!

ಕೂಡಿಡುವುದು ತಪ್ಪಲ್ಲ. ಬರಗಾಲಕ್ಕೆ ಮುಂಚೆ ಧಾನ್ಯವನ್ನು ತೆನೆಯಲ್ಲೇ ಉಳಿಸಲು ಹೇಳಿದವರು ಪ್ರವಾದಿ ಯೂಸುಫ್(ಅ). ಆದರೆ ಆ ಕಣಜಕ್ಕೆ ಬಾಗಿಲು ತೆರೆಯುವ ವರ್ಷವೂ ಗೊತ್ತಿತ್ತು, ಹಸಿದು ಬರುವ ಜನರೂ ಇದ್ದರು. ಮರದ ಬೀಜದ ಒಡೆಯ ಇನ್ನೂ ಹುಟ್ಟಿಲ್ಲ. ಅವನು ಬಂದು ಕೇಳಲಾರ. ಮೇಲಾಗಿ, ಸತ್ತ ಬೀಜವೂ ಬದುಕಿರುವ ಬೀಜವೂ ನೋಡಲು ಒಂದೇ ತರಹ. ಕಾವಲುಗಾರ ಸತ್ತ ಬೀಜಗಳ ಡಬ್ಬಿಯನ್ನು ಮೂವತ್ತು ವರ್ಷ ಜತನ ಮಾಡಿದರೂ ಹಿಡಿಯುವವರಿಲ್ಲ. ಆಗಾಗ ನೂರು ಬೀಜ ತೆಗೆದು, ಒದ್ದೆ ಮರಳಿನಲ್ಲಿಟ್ಟು, ಎಷ್ಟು ಮೊಳೆತವೆಂದು ಎಣಿಸಬೇಕು. ಸಂಖ್ಯೆ ಕುಸಿದರೆ ಉಳಿದದ್ದನ್ನು ಬಿತ್ತಿ ಹೊಸ ಬೀಜ ಪಡೆಯಬೇಕು. ರಾಗಿಗೆ ಇದು ಒಂದು ಹಂಗಾಮಿನ ಕೆಲಸ. ಮರಕ್ಕಾದರೆ ಹತ್ತಿಪ್ಪತ್ತು ವರ್ಷ ಜಾಗ ಬೇಕು. ಆ ಜಾಗವನ್ನು ಉಳಿಸದವನು ಬೀಜವನ್ನು ಉಳಿಸಿದ್ದೇನೆಂದು ಹೇಳುವುದು ನನಗಂತೂ ಅಮಾನತಿನಲ್ಲಿ ಖಿಯಾನತ್ ಆಗಿ ಕಾಣುತ್ತದೆ.

ಇನ್ನು ಕೆಲವು ಬೀಜಗಳು ಇಡಿಸಿಕೊಳ್ಳುವುದೇ ಇಲ್ಲ. ಹಲಸು, ಮುರುಗಲು, ಘಟ್ಟದ ಸಾಲುಧೂಪ ಮರದಿಂದ ಬೀಳುವಾಗಲೇ ಹಸಿ. ಒಣಗಿಸಿದರೆ ಸಾಯುತ್ತವೆ, ಹೆಪ್ಪುಗಟ್ಟಿಸಿದರೂ ಸಾಯುತ್ತವೆ. (ಕರಾವಳಿಯ ಮನೆಗಳಲ್ಲಿ ಕೆಮ್ಮಣ್ಣು ಸವರಿ ಮಳೆಗಾಲಕ್ಕೆಂದು ಇಡುವ ಹಲಸಿನ ಬೀಜದ ಮಾತು ಬೇರೆ, ಅದು ಸಾರಿಗೆ.) ಬೇವಿನದ್ದೂ ಸಾಮಾನ್ಯವಾಗಿ ಇಟ್ಟರೆ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕುಗ್ಗುತ್ತದೆ. ಇವಕ್ಕೆ ನಿಂತಿರುವ ತಾಯಿಮರವೇ ಉಗ್ರಾಣ. ರಸ್ತೆಗೋ ಅಣೆಕಟ್ಟಿಗೋ ಕಾಡು ಕಡಿಯುವಾಗ ‘ತಳಿ ಸಂರಕ್ಷಿಸುತ್ತೇವೆ’ ಎಂಬ ಭರವಸೆ ಕೊಡುವುದುಂಟು. ಯಾವ ಮರದ ತಳಿ, ಯಾವ ಡಬ್ಬಿಯಲ್ಲಿ ಎಂದು ಆಗ ಕೇಳಲೇಬೇಕು. ಸಾಲುಧೂಪವನ್ನು ಕಡಿದವನ ಕೈಯಲ್ಲಿ ಮರಳಿಸಲು ಏನೂ ಉಳಿದಿರುವುದಿಲ್ಲ.

ಹಲಸಿನ ಹಣ್ಣು ಬೀಳುವ ಹೊತ್ತಿಗೆ ನರ್ಸರಿಯಲ್ಲಿ ಮಣ್ಣು ತುಂಬಿದ ಚೀಲ ಸಿದ್ಧವಿರಬೇಕು. ಟೆಂಡರ್ ಮಂಜೂರಾಗಲಿ ಎಂದು ಆ ಬೀಜ ಕಾಯುವುದಿಲ್ಲ.