ಅಜ್ಜನ ಮಾತು, ಆಚೆ ಮನೆಯ ಮಾತು

ಹತ್ತನೇ ಕ್ಲಾಸು ಮುಗಿಸಿ ಪ್ಲಸ್ ವನ್‌ನಲ್ಲಿ ಹ್ಯುಮಾನಿಟೀಸ್ ತೆಗೆದುಕೊಂಡ ಮಕ್ಕಳನ್ನು ನಮ್ಮ ಕಾಸರಗೋಡು ಕಡೆ ಎಲ್ಲರೂ ಕೇಳುವುದು ಒಂದೇ: "ಯಾಕೆ, ಮಾರ್ಕು ಕಮ್ಮಿ ಬಂತಾ?" ಈ ಮಾತು ನುಂಗುವುದೇ ಅವರ ದೊಡ್ಡ ಕಷ್ಟ ಅಂತ ನಾನು ತಿಳಿದಿದ್ದೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ.

ಕೆಲವು ವರ್ಷದ ಹಿಂದೆ ನಮ್ಮ ಹತ್ತಿರದ ಹುಡುಗಿಯೊಬ್ಬಳು ಚರಿತ್ರೆಯ ಪ್ರಾಜೆಕ್ಟು ಹಿಡಿದು ಬಂದಳು. 1956ರ ನವೆಂಬರ್ 1ಕ್ಕೆ ನಮ್ಮ ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತಲ್ಲ, ಅದನ್ನು ಹಿರಿಯರಿಂದ ಕೇಳಿ ಬರೆಯಬೇಕಿತ್ತು. ಅವಳ ಅಜ್ಜ "ನಮ್ಮನ್ನು ಕೇಳದೆ ಕೊಟ್ಟುಬಿಟ್ಟರು" ಅಂದಿದ್ದರು. ಹೇಳುವಾಗ ಕಣ್ಣು ತುಂಬಿತ್ತಂತೆ. ಆಚೆ ಮನೆಯ ಮಲಯಾಳಿ ಅಜ್ಜಿ "ಆ ದಿನ ನಾವು ಪಾಯಸ ಮಾಡಿದ್ದೆವು" ಅಂದಿದ್ದರು.

"ಪಾಯಸದ ಮಾತು ಬರೆದರೆ ಅಜ್ಜನಿಗೆ ಬೇಜಾರಾಗ್ತದೆ. ಬಿಟ್ಟುಬಿಡಲಾ?"

"ಬಿಡು" ಅನ್ನಲು ಬಾಯಿ ತೆರೆದಿದ್ದೆ. ನನ್ನ ನೋವೂ ಅಜ್ಜನದ್ದೇ. ಆದರೆ ಒಬ್ಬರ ನೋವಿಗೆ ಮರ್ಯಾದೆ ಕೊಡಲು ಇನ್ನೊಬ್ಬರ ಸಂತೋಷವನ್ನು ಅಳಿಸಬೇಕೇ? ಅಳಿಸಿದರೆ ನೋವು ಹೆಚ್ಚು ನಿಜವಾಗ್ತದಾ? ಲೆಕ್ಕದಲ್ಲಿ ಎರಡು ಉತ್ತರ ಬಂದರೆ ಒಂದು ತಪ್ಪು. ಇಲ್ಲಿ ಎರಡೂ ನಿಜ. ಎರಡನ್ನೂ ಹೊತ್ತುಕೊಂಡು ಹದಿನಾರರ ಹುಡುಗಿ ಸಂಜೆ ಅದೇ ಅಜ್ಜನ ಪಕ್ಕ ಊಟಕ್ಕೆ ಕೂರಬೇಕು. ಯಾವ ಮಾರ್ಕ್‌ಲಿಸ್ಟಿನಲ್ಲೂ ಇದು ಕಾಣುವುದಿಲ್ಲ.

ನಾನು ಏನೂ ಹೇಳಲಿಲ್ಲ. ಅವಳು ಎರಡನ್ನೂ ಬರೆದಳು, ಮೊದಲು ಅಜ್ಜನಿಗೇ ಓದಿ ಹೇಳಿದಳು. ಅವರು ತುಂಬಾ ಹೊತ್ತು ಸುಮ್ಮನಿದ್ದು, "ಆ ಪಾಯಸ ನಮ್ಮ ಮನೆಗೂ ಕೊಟ್ಟಿದ್ದರು. ಅಪ್ಪ ತಿನ್ನಲು ಬಿಡಲಿಲ್ಲ" ಅಂದರಂತೆ.